ಕೂಗು ಹಾಕದ ಮದ್ದಿನಣ್ಣ

ಆತನ ಹೆಸರು ಬರೆಯುವುದಿಲ್ಲ. ಹಿರಿಯೂರಿನಲ್ಲಿ ಆತನ ಕಡೆಯವರು ಇನ್ನೂ ಇದ್ದಾರೆ, ಅವರನ್ನು ನಾನು ಕೇಳಿಲ್ಲ. ನಾವೆಲ್ಲ ಮದ್ದಿನಣ್ಣ ಅನ್ನುತ್ತಿದ್ದೆವು. ಬಾವಿ ತೋಡುವಾಗ ಬಂಡೆ ಸಿಕ್ಕಿದರೆ ಅದಕ್ಕೆ ಸಿಡಿಮದ್ದು ಇಟ್ಟು ಒಡೆಯುವುದು ಆತನ ಕೆಲಸ. ಆತ ಸತ್ತು ಬಹಳ ವರ್ಷವಾಯಿತು. ಸತ್ತಾಗ ನಾನು ಹೋಗಲಿಲ್ಲ. ಗೊತ್ತಾಗಿದ್ದೇ ತಡವಾಗಿ.

ಈಗ ಬರೆಯುವುದಕ್ಕೆ ಕಾರಣ ನನ್ನ ನಾದಿನಿಯ ಮೊಮ್ಮಗಳು. ವಿಜ್ಞಾನ ಓದುತ್ತಾಳೆ. ಹೋದ ತಿಂಗಳು ಊರಿಗೆ ಬಂದವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಗಾಜಿನ ಪೆಟ್ಟಿಗೆಯಲ್ಲಿ ನೀರು. ಅದರೊಳಕ್ಕೆ ಲೇಸರ್ ಬೆಳಕು ಬಿಡುತ್ತಾರಂತೆ. ಎಷ್ಟು ಹೊತ್ತು ಎಂದರೆ, ಒಂದು ಸಲ ಕಣ್ಣು ಮಿಟುಕಿಸುವುದನ್ನು ಕೋಟಿ ಚೂರು ಮಾಡಿ, ಆ ಒಂದು ಚೂರನ್ನು ಮತ್ತೆ ಸಾವಿರಾರು ಚೂರು ಮಾಡಿದರೆ ಅದರಲ್ಲಿ ಒಂದರಷ್ಟು. ಅಷ್ಟರಲ್ಲೇ ನೀರು ಒಂದು ಚುಕ್ಕೆಯಲ್ಲಿ ಸಿಡಿಯುತ್ತದೆ. ಆ ಚುಕ್ಕೆಯಿಂದ ಬಳೆಯ ಹಾಗೆ ಒಂದು ಗೆರೆ ಸುತ್ತಲೂ ಹರಡಿಕೊಂಡು ಹೋಗುತ್ತದೆ.

"ಇದು ಕೆರೆಯಾಗೆ ಏಳೋ ಅಲೆ ಅಲ್ಲ ದೊಡ್ಡಜ್ಜಿ. ಏಟು. ನೀರೊಳಗೆ ಓಡೋ ಏಟು" ಅಂದಳು.

"ಗೊತ್ತು" ಅಂದೆ.

"ನಿಂಗೆಂಗೆ ಗೊತ್ತು?"

"ಚೊಂಬಿನಾಗೆ ನೋಡೀನಿ."

ಜಗಲಿ ಮೇಲೆ ಕೂತಿದ್ದ ನನ್ನ ನಾದಿನಿ, ಈರಕ್ಕ ಅಂತ, ಅಲ್ಲಿಂದಲೇ ಬಾಯಿ ಹಾಕಿದಳು. "ಆ ಮದ್ದಿನೋನು ತೋರ್ಸಿರ್ತಾನೆ. ಒಂದು ಗೋಡೆ ಒಡೆಯಾಕೆ ಬರ್ಲಿಲ್ಲ ಅವನಿಗೆ, ಇವಳಿಗೆ ಪಾಠ ಹೇಳಿದ್ನಂತೆ."

ಐವತ್ತು ವರ್ಷದಿಂದ ಅವಳದು ಇದೇ ಮಾತು. ಐವತ್ತು ವರ್ಷದಿಂದ ನಾನು ಸುಮ್ಮನಿದ್ದೇನೆ. ನನಗೆ ಅಕ್ಷರ ಬಂದಿದ್ದು ದೊಡ್ಡವಳಾದ ಮೇಲೆ, ಕೈ ನಿಧಾನ. ಆದರೂ ಬರೆಯುತ್ತೇನೆ.

ಎಪ್ಪತ್ತನೇ ಇಸವಿಯ ಆಚೀಚೆ. ತಾಳ್ಯದ ಸುತ್ತಮುತ್ತ ಬಾವಿ ಆಳ ಮಾಡಿಸುವವರು ಬಹಳ ಇದ್ದರು. ನಾನು ಒಡೆದ ಕಲ್ಲನ್ನು ಪುಟ್ಟಿಯಲ್ಲಿ ಹೊತ್ತು ಮೇಲೆ ತರುವ ಕೂಲಿ. ನಮ್ಮ ಮನೆಯವರು ಕುರಿ ಕಾಯುವವರು. ನನ್ನ ಗಂಡ ಕುರಿ ಹಿಂದೆ ತಿಂಗಳುಗಟ್ಟಲೆ ಹೋಗಿಬಿಡುತ್ತಿದ್ದ. ನಾನು ಕಲ್ಲು ಹೊರುತ್ತಿದ್ದೆ.

ಬೇರೆ ಮದ್ದಿನವರು ಬತ್ತಿಗೆ ಬೆಂಕಿ ಹಚ್ಚುವ ಮುಂಚೆ "ಮದ್ದು, ಮದ್ದು" ಅಂತ ಊರು ಹಾರಿಹೋಗುವ ಹಾಗೆ ಕೂಗುತ್ತಿದ್ದರು. ಸೀಟಿ ಊದುತ್ತಿದ್ದರು. ಆ ಕೂಗು ಕೇಳಿದರೆ ಏನು ಮಾಡಬೇಕು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತಿತ್ತು. ಹೊಲದಲ್ಲಿದ್ದವರು ಮರದ ಹಿಂದೆ ನಿಲ್ಲುವುದು. ಮನೆಯ ಹತ್ತಿರ ಇದ್ದವರು ಒಳಗೆ ಹೋಗುವುದು. ನೀರಿನಲ್ಲಿದ್ದವರು ಮುಳುಗುವುದು. ಕೆರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ, ಎಮ್ಮೆ ಮೈ ತೊಳೆಯುವ ಗಂಡಸರಿಗೆ ಅದು ಚಿಕ್ಕಂದಿನಿಂದ ಬಂದ ಪಾಠ. ಮೇಲಿಂದ ಕಲ್ಲು ಬೀಳುತ್ತದೆ, ನೀರು ತಡೆಯುತ್ತದೆ, ಮುಳುಗು. ನನಗೂ ನನ್ನವ್ವ ಅದನ್ನೇ ಹೇಳಿಕೊಟ್ಟಿದ್ದಳು.

ಮದ್ದಿನಣ್ಣ ಕೂಗುತ್ತಿರಲಿಲ್ಲ. ಎಷ್ಟು ದೂರ ಕಲ್ಲು ಹಾರಬಹುದೋ ಅಷ್ಟು ದೂರವೂ ನಡೆದು, ಸಿಕ್ಕಿದವರ ಭುಜ ಮುಟ್ಟಿ, ಒಬ್ಬೊಬ್ಬರ ಕೈಗೂ ಒಂದು ಬೆಣಚುಕಲ್ಲು ಕೊಡುತ್ತಿದ್ದ. "ಅಲ್ಲಿ ಹೋಗಿ ಕುಂತ್ಕಳ್ರಿ" ಅನ್ನುತ್ತಿದ್ದ. ಎಲ್ಲರೂ ಒಂದು ಕಡೆ ಕೂತ ಮೇಲೆ ಆ ಕಲ್ಲುಗಳನ್ನು ವಾಪಸು ತೆಗೆದುಕೊಳ್ಳುತ್ತಿದ್ದ. ಕೊಟ್ಟಷ್ಟು ಬಂದರೆ ಬತ್ತಿಗೆ ಬೆಂಕಿ. ಒಂದು ಕಲ್ಲು ಕಡಿಮೆಯಾದರೂ ಮತ್ತೆ ಹೋಗಿ ಹುಡುಕುತ್ತಿದ್ದ. ಬೇರೆಯವರು ಒಂದು ಗಳಿಗೆಯಲ್ಲಿ ಮುಗಿಸುವ ಕೆಲಸಕ್ಕೆ ಆತನಿಗೆ ಅರ್ಧ ದಿನ. ಅದಕ್ಕೇ ಆತನನ್ನು ಕರೆಯುವವರು ಕಡಿಮೆ.

ಗಂಡಸು ಬಂದು ಹೆಂಗಸರ ಭುಜ ಮುಟ್ಟಿದರೆ ಸುಮ್ಮನಿರುತ್ತಾರೆಯೇ? ಒಂದೆರಡು ಕಡೆ ಬೈಸಿಕೊಂಡ. ಒಂದು ಕಡೆ ಪೊರಕೆ ತೋರಿಸಿದರು. ಆಮೇಲೆ ನನ್ನನ್ನು ಕರೆದು, "ಹೆಂಗಸ್ರ ಕಡೆ ನೀನು ಹೋಗವ್ವ, ಪುಟ್ಟಿ ಹೊರೋದು ಬಿಡು" ಅಂದ. ಹಾಗೆ ನಾನು ಆತನ ಜೊತೆ ಸೇರಿದೆ.

ಮೊದಲನೇ ದಿನವೇ ಕೇಳಿದೆ. "ಬಾಯಿ ಐತಲ್ಲಣ್ಣ. ಕೂಗಿದ್ರೆ ಮುಗೀತು."

ಆತ ನೀರು ಕುಡಿಯುವ ಹಿತ್ತಾಳೆ ಚೊಂಬನ್ನು ಬಂಡೆಯ ಮೇಲಿಟ್ಟು ಕಂಠದವರೆಗೂ ನೀರು ತುಂಬಿದ. ನನ್ನ ಬೆರಳು ಅದ್ದಿಸಿದ. ಕಲ್ಲು ಕೊರೆಯುವ ಚಾಣದ ಹಿಂಬದಿಯಿಂದ ಚೊಂಬಿನ ಪಕ್ಕಕ್ಕೆ ಒಂದು ಸಲ ಟಣ್ ಅನ್ನಿಸಿದ. ಚೊಂಬು ಅಲುಗಲಿಲ್ಲ. ನನ್ನ ಬೆರಳಿನ ಎಲುಬಿಗೆ ಸೂಜಿ ಚುಚ್ಚಿದ ಹಾಗಾಯಿತು. ಕೈ ಎಳೆದುಕೊಂಡೆ.

"ಈಗ ಬೆರಳು ಮ್ಯಾಲೆ ಹಿಡಿ, ನೀರಿಗೆ ತಾಕಿಸಬ್ಯಾಡ" ಅಂದ. ಮತ್ತೆ ಹೊಡೆದ. ಏನೂ ಆಗಲಿಲ್ಲ.

"ಗಾಳಿ ಮೆತ್ತಗೈತೆ. ಏಟು ಬಿದ್ರೆ ತಾನು ಕುಗ್ತೈತೆ, ಅರ್ಧ ನುಂಗ್ತೈತೆ. ನೀರು ಕುಗ್ಗಲ್ಲ. ಬಿದ್ದ ಏಟು ಬಿದ್ದಂಗೇ ಮುಂದಕ್ಕೆ ದಾಟಿಸ್ತೈತೆ. ಕೂಗಿದ್ರೆ ನೀರಾಗಿರೋರು ಏನ್ಮಾಡ್ತಾರೆ?"

"ಮುಳುಗ್ತಾರೆ."

"ಅದಕ್ಕೇ ಕೂಗಲ್ಲ."

ಅಷ್ಟೇ. ಇನ್ನೊಂದು ದಿನ ರೊಟ್ಟಿ ತಿನ್ನುತ್ತಾ ತಾನಾಗಿಯೇ ಇನ್ನೊಂದು ಮಾತು ಹೇಳಿದ. ಹೊಸದುರ್ಗದ ಕಡೆ ಒಂದು ಬಾವಿಯಂತೆ, ಅರ್ಧ ನೀರು. ಆತನ ಜೊತೆಗಾರ ನೀರಿನಲ್ಲಿದ್ದನಂತೆ. ಆಗ ಆತನೂ ಎಲ್ಲರ ಹಾಗೆ ಕೂಗುವವನೇ. ಕೂಗಿದ. "ಎತ್ತಿ ಹಾಕಿದಾಗ ಮೈಮ್ಯಾಲೆ ಒಂದು ಗೀರು ಇರ್ಲಿಲ್ಲ. ನಿದ್ದೆ ಮಾಡ್ದಂಗಿದ್ದ" ಅಂದು, ರೊಟ್ಟಿ ಮುಗಿಸಿ, ಕೈ ತೊಳೆದುಕೊಂಡು ಎದ್ದುಹೋದ.

ಆತ ಒಳ್ಳೆಯವನು ಅಂತ ಹೇಳಲು ಇದನ್ನೆಲ್ಲ ಬರೆಯುತ್ತಿಲ್ಲ. ಸಿಡುಕ. ಬಂಡೆಗೆ ಚಾಣ ಹೊಡೆಯುವಾಗ ಕಿವಿ ಹತ್ತಿರ ಇಟ್ಟು ಕೇಳುತ್ತಿದ್ದ. ಸದ್ದಿನ ಮೇಲೆಯೇ ಒಳಗೆ ಬಿರುಕಿದೆಯೋ, ಬಿರುಕಿನಲ್ಲಿ ನೀರಿದೆಯೋ ಹೇಳುತ್ತಿದ್ದ. ಆಗ ಯಾರಾದರೂ ಕೆಮ್ಮಿದರೂ ಬೈಗುಳ. "ಬಾಯಿ ಮುಚ್ಕಳ್ರಿ, ಕಲ್ಲು ಕೇಳ್ಬೇಕು." ಆತನ ಬಂಡವಾಳವೆಲ್ಲ ಆ ಎರಡು ಕಿವಿ.

ಹಟವೂ ಹಾಗೇ. ಒಂದು ಸಲ ಪಂಚಾಯ್ತಿ ಚೇರ್ಮನ್ರು ತಮ್ಮ ಬಾವಿಯ ಮೆಟ್ಟಿಲ ಮೇಲೆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮದ್ದು ಇಡಬೇಕಾದ್ದು ಅದೇ ನೀರಿನ ಆಚೆ ದಡದ ಬುಡಕ್ಕೆ. ಆತ ಬೆಣಚುಕಲ್ಲು ಚಾಚಿದ. ಅವರು ತೆಗೆದುಕೊಳ್ಳಲಿಲ್ಲ.

"ನನ್ ಬಾವಿಯಾಗೆ ನಂಗೇ ಏಳು ಅಂತೀಯೇನಲೇ?"

ಆತ ಸುಮ್ಮನೆ ಅವರ ಪಕ್ಕ ಕೂತು, ತಾನೂ ನೀರಿನಲ್ಲಿ ಕಾಲು ಬಿಟ್ಟುಕೊಂಡ. ಆಚೆ ದಡದಲ್ಲಿದ್ದ ಆಳಿಗೆ, "ಹಚ್ಚಪ್ಪ ಬತ್ತಿ" ಅಂದ. ಆಳು ಬಗ್ಗಿದ. ಚೇರ್ಮನ್ರು ಆತನ ಮುಖ ನೋಡಿದರು. ಆತ ನೀರನ್ನೇ ನೋಡುತ್ತಿದ್ದ. ಅವರು ಎದ್ದು, ಪಂಚೆ ಎತ್ತಿಕಟ್ಟಿ, ಹಿಂದೆ ನೋಡದೆ ಮೇಲೆ ಹತ್ತಿದರು. ಆಳಿನ ಕೈಯಲ್ಲಿ ಬೆಂಕಿಪೆಟ್ಟಿಗೆಯೇ ಇರಲಿಲ್ಲ. ಬೆಂಕಿಪೆಟ್ಟಿಗೆ ಯಾವತ್ತೂ ಮದ್ದಿನಣ್ಣನ ಜೇಬಿನಲ್ಲೇ.

ಇನ್ನು ಈರಕ್ಕ ಆಡಿಕೊಳ್ಳುವ ಆ ಗೋಡೆಯ ವಿಷಯ.

ಚಿಕ್ಕಜಾಜೂರಿನಿಂದ ಸ್ವಲ್ಪ ದೂರದಲ್ಲಿ ರೈಲು ಹಳಿಗೆ ಜಲ್ಲಿ ತೆಗೆದು ಬಿಟ್ಟ ಒಂದು ಹಳೆಯ ಕ್ವಾರಿ. ಮಳೆ ನೀರು ತುಂಬಿ ಕೆರೆಯ ಹಾಗಾಗಿತ್ತು. ಯಾರೋ ಕಂಟ್ರಾಕ್ಟರು ಮತ್ತೆ ಕಲ್ಲು ತೆಗೆಯಬೇಕು ಅಂತ ಬಂದರು. ಮೊದಲು ನೀರು ಹೊರಗೆ ಹೋಗಬೇಕು. ಕ್ವಾರಿಗೂ ಪಕ್ಕದ ಒಣ ಹಳ್ಳಕ್ಕೂ ನಡುವೆ ಗೋಡೆಯ ಹಾಗೆ ಒಂದು ಬಂಡೆ ಇತ್ತು. ಅದರ ಬುಡವನ್ನು ನೀರೊಳಗಿನಿಂದ ಒಡೆದರೆ ಎಲ್ಲ ಹಳ್ಳಕ್ಕೆ ಇಳಿಯುತ್ತದೆ. ಅದಕ್ಕೆ ಮದ್ದಿನಣ್ಣನನ್ನು ಕರೆಸಿದರು. ನಾನೂ ಹೋದೆ.

ಆದರೆ ಆ ನೀರು ಕುರಿಯವರಿಗೆ ಬೇಕಾಗಿತ್ತು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಬೇಕು. ಒಬ್ಬರು ಎದೆಮಟ್ಟದ ನೀರಿನಲ್ಲಿ ನಿಂತು, ಒಂದೊಂದೇ ಕುರಿಯನ್ನು ಎಳೆದುಕೊಂಡು ಉಜ್ಜಿ ಬಿಡಬೇಕು. ನೀರು ಹೋಗುತ್ತದೆ ಅಂತ ಗೊತ್ತಾಗಿ, ಕೊನೆಯ ಸಲ ತೊಳೆದುಬಿಡೋಣ ಅಂತ ಅವತ್ತೇ ಎಲ್ಲರೂ ಮಂದೆ ಹೊಡೆದುಕೊಂಡು ಬಂದಿದ್ದರು. ನನ್ನ ನಾದಿನಿಯೂ ಬಂದಿದ್ದಳು. ಆಗ ಅವಳಿಗೆ ಮದುವೆಯಾಗಿ ಒಂದು ವರ್ಷ. ಗೋಡೆಬಂಡೆಯಿಂದ ಅವರು ತೊಳೆಯುತ್ತಿದ್ದ ಜಾಗಕ್ಕೆ ಮೂವತ್ತು ಮಾರು ಇದ್ದೀತು.

ನೀರಿನಲ್ಲಿ ನಿಂತುಕೊಂಡೇ ಅವಳು ಶುರು ಮಾಡಿದಳು. "ಏನಪ್ಪ ಮದ್ದಿನೋನೆ, ನಮ್ ನೀರು ಹಳ್ಳಕ್ಕೆ ಬಿಡಾಕೆ ಬಂದೀಯ. ಮುಂದಿನ ಸಲ ಕುರಿ ಎಲ್ಲಿ ತೊಳೀಲಿ, ನಿನ್ ತಲೆ ಮ್ಯಾಲಾ?"

"ತೊಳ್ಕಳವ್ವ. ನೀವು ಎದ್ದ ಮ್ಯಾಲೇ ನಾನು ಶುರು ಮಾಡೋದು."

"ಇನ್ನೂ ಅರ್ಧ ಮಂದೆ ಐತೆ."

"ಇರ್ಲಿ. ಕುಂತಿರ್ತೀನಿ."

ಕೂತ. ಕಂಟ್ರಾಕ್ಟರಿಗೆ ತಡೆಯಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಬಂದು, "ಅವರು ನೀರಾಗಿದ್ರೆ ನಿಂಗೇನಯ್ಯ ಕಷ್ಟ? ಕೂಗಿಬಿಡು, ಮುಳುಗ್ತಾರೆ. ಕಲ್ಲು ಬಿದ್ದಾದ ಮೇಲೆ ಏಳ್ತಾರೆ" ಅಂದರು.

"ಏಳಲ್ಲ ಸ್ವಾಮಿ" ಅಂದ.

ಕೊನೆಗೆ ಕುರಿ ಮುಗಿದವು. ಗಂಡಸರ ಕೈಗೆ ಆತ, ಹೆಂಗಸರ ಕೈಗೆ ನಾನು ಬೆಣಚುಕಲ್ಲು ಕೊಟ್ಟು ದಡದ ಮೇಲೆ ದೂರ ಕೂರಿಸಿದೆವು. ಎಲ್ಲ ಕಲ್ಲೂ ವಾಪಸು ನನ್ನ ಮಡಿಲಿಗೆ ಬಂದವು. ಎರಡು ಸಲ ಎಣಿಸಿದೆ. ಸರಿಯಾಗಿತ್ತು.

ಆತ ನನಗೊಂದು ಕೆಂಪು ಬಟ್ಟೆ ಕೊಟ್ಟು ಹೇಳಿದ. "ನೀನು ಇಲ್ಲೇ ನೀರ ಹತ್ರ ನಿಂತಿರು. ಯಾರಾದ್ರೂ ಇಳಿದ್ರೆ ಓಡಿ ಹೋಗಿ ಕೈ ಹಿಡಿದು ಎಳಿ. ನಂಗೆ ಬಟ್ಟೆ ಬೀಸು. ಬಾಯಿ ಮಾತ್ರ ಬಿಡಬ್ಯಾಡ."

"ಆಯ್ತಣ್ಣ."

ಆತ ಗೋಡೆಬಂಡೆಯ ಮೇಲೆ ಹೋದ. ಮದ್ದಿನ ಕಡ್ಡಿಗಳನ್ನು ಕಟ್ಟಿ, ಭಾರಕ್ಕೊಂದು ಕಲ್ಲು ಸೇರಿಸಿ, ಹಗ್ಗದಲ್ಲಿ ನೀರೊಳಗೆ ಬುಡದವರೆಗೂ ಇಳಿಬಿಟ್ಟ. ಹಗ್ಗದ ತುದಿ ಮೇಲೆ ಒಂದು ಗೂಟಕ್ಕೆ. ಬತ್ತಿ ನೀರಲ್ಲೂ ಉರಿಯುವಂಥದ್ದು. ನೂರು ಎಣಿಸುವಷ್ಟು ಉದ್ದ. ಬೆಂಕಿ ಹಚ್ಚಿ ಈಚೆ ನಡೆದು ಬರತೊಡಗಿದ. ಆತ ಓಡುತ್ತಿರಲಿಲ್ಲ. ಓಡುವವನು ಎಡವುತ್ತಾನೆ ಅನ್ನುತ್ತಿದ್ದ. ಬೆಂಕಿ ನೀರಿಗಿಳಿದದ್ದು ನನಗೆ ಕಂಡಿತು. ಬಂಡೆಯ ಪಕ್ಕ ಗುಳ್ಳೆ ಏಳುತ್ತಿದ್ದವು.

ಆಗ ಗಂಟೆ ಸದ್ದು ಕೇಳಿತು. ಈರಕ್ಕನ ಟಗರು. ಕೊರಳಿಗೆ ಗಂಟೆ ಕಟ್ಟಿದ್ದಳು. ಅದು ಮಂದೆ ಬಿಟ್ಟು ಬಂದು ನೀರಿಗೆ ಹಾರಿತು. ಹಿಂದೆಯೇ ಅವಳು. ನನ್ನ ಪಕ್ಕದಲ್ಲೇ ಹಾದುಹೋದಳು. ಕೈ ಚಾಚಿದ್ದರೆ ಸೆರಗು ಸಿಗುತ್ತಿತ್ತು.

ನಾನು ಕೈ ಚಾಚಲಿಲ್ಲ. ಓಡಲಿಲ್ಲ. ಬಟ್ಟೆ ಬೀಸಲಿಲ್ಲ. ಇದ್ದ ಉಸಿರೆಲ್ಲ ಸೇರಿಸಿ ಕೂಗಿದೆ.

"ಈರೀ, ಮದ್ದೈತೇ!"

ಅವಳು ನನ್ನ ಕಡೆ ನೋಡಿದಳು. ಒಂದು ಉಸಿರು ಎಳೆದುಕೊಂಡಳು. ಮುಳುಗಿದಳು.

ದಡದ ಮೇಲಿದ್ದವರೆಲ್ಲ ಎದ್ದು ನಿಂತು, ಒಂದು ಮಾತೂ ತಿಳಿಯದ ಹಾಗೆ ಒಟ್ಟಿಗೇ ಬಾಯಿ ಬಡಿದುಕೊಂಡರು. ಅವಳ ತಲೆ ಮೇಲೆ ಬಂತು. ಕಲ್ಲು ಇನ್ನೂ ಬಿದ್ದಿಲ್ಲ. ಎಲ್ಲರೂ ಅರಚುತ್ತಿದ್ದಾರೆ. ಇನ್ನೇನು ಬೀಳುತ್ತದೆ ಅಂದುಕೊಂಡಿರಬೇಕು, ಮತ್ತೆ ಮುಳುಗಿದಳು. ಕೂಗಿದಷ್ಟೂ ಮುಳುಗುತ್ತಾಳೆ. ನಾನು ನೀರಿಗಿಳಿದೆ. ನನಗೆ ಈಜು ಬರುವುದಿಲ್ಲ. ಎದೆಮಟ್ಟ ಹೋಗಿ ಕೈಯಾಡಿಸಿದೆ. ಟಗರಿನ ಉಣ್ಣೆ ಸಿಕ್ಕಿತು, ಅವಳು ಸಿಗಲಿಲ್ಲ.

ತಲೆಯೆತ್ತಿ ನೋಡಿದಾಗ ಮದ್ದಿನಣ್ಣ ಗೋಡೆಬಂಡೆಯ ಮೇಲೆ ಓಡುತ್ತಿದ್ದ. ಈಚೆಗಲ್ಲ, ಆಚೆಗೆ. ಆತ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬತ್ತಿ ಕತ್ತರಿಸುವ ಹಾಗಿರಲಿಲ್ಲ, ಬೆಂಕಿ ನೀರೊಳಗೆ ಇಳಿದುಹೋಗಿತ್ತು. ಗೂಟದಿಂದ ಹಗ್ಗ ಕಿತ್ತು, ಎರಡೂ ಕೈಯಲ್ಲಿ ಬಾವಿಯಿಂದ ಕೊಡ ಸೇದುವ ಹಾಗೆ ಸೇದಿದ. ಒಂದು ಸೇದು, ಎರಡು ಸೇದು, ಮೂರು. ಕಟ್ಟು ಮೇಲೆ ಬಂತು. ನೀರು ಸೋರುತ್ತಿತ್ತು. ಅದರ ಹೊಗೆ ನನಗೆ ಇಲ್ಲಿಂದಲೇ ಕಂಡಿತು. ಅದನ್ನು ಎತ್ತಿ ಆಚೆ ಒಣ ಹಳ್ಳಕ್ಕೆ ಎಸೆದು, ಬಂಡೆಯ ಮೇಲೆ ಬೋರಲು ಬಿದ್ದ.

ಬಿದ್ದದ್ದೂ ಸಿಡಿದದ್ದೂ ಒಟ್ಟಿಗೇ.

ಹಳ್ಳದ ಕಡೆಯಿಂದ ಮಣ್ಣು, ಕಲ್ಲು ಎದ್ದವು. ನೀರಿನಲ್ಲಿದ್ದ ನನ್ನ ಹೊಟ್ಟೆಗೆ ಒಂದು ಸಣ್ಣ ಚುಚ್ಚು ತಾಗಿತು. ಅವತ್ತು ಚೊಂಬಿನಲ್ಲಿ ಬೆರಳಿಗೆ ತಾಗಿದ್ದಂಥದ್ದೇ. ಅಷ್ಟೇ. ಈರಕ್ಕ ಎದ್ದಳು. ಟಗರಿನ ಕೋಡು ಹಿಡಿದುಕೊಂಡು, ಮುಖದ ನೀರು ಒರೆಸಿಕೊಂಡು, ಗೋಡೆಬಂಡೆಯ ಕಡೆ ನೋಡಿದಳು. ಅದು ನಿಂತ ಹಾಗೇ ನಿಂತಿತ್ತು.

"ಥೂ. ಇಷ್ಟಕ್ಕೆ ಬೆಳಗಿಂದ ಕುಂಡ್ರಿಸಿದ್ನಾ ಇವ್ನು?" ಅಂದಳು.

ನಾನು ಗೋಡೆಬಂಡೆಗೆ ಓಡಿದೆ. ಆತ ಎದ್ದು ಕೂತಿದ್ದ. ಎರಡೂ ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿದಿತ್ತು. ನನ್ನ ಬಾಯಿ ಅಲುಗುವುದನ್ನು ನೋಡಿದ. ಆಮೇಲೆ ಈಚೆ ದಡ ನೋಡಿದ. ತಲೆಗಳನ್ನು ಎಣಿಸುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಎಣಿಸಿ ಮುಗಿದ ಮೇಲೆ ಮಲಗಿಕೊಂಡ.

ಯಾರು ಕೂಗಿದ್ದು ಅಂತ ಯಾರೂ ಕೇಳಲಿಲ್ಲ. ಕೂಗಿದ್ದು ತಪ್ಪು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ. ಕಂಟ್ರಾಕ್ಟರು, "ಹೆದರಿಕೊಂಡು ಮದ್ದು ಆಚೆ ಎಸೆದ" ಅಂತ ಬೈದು ಕೆಲಸ ಬಿಡಿಸಿದರು. ಆತನನ್ನು ಹಿರಿಯೂರಿನ ಬಸ್ಸು ಹತ್ತಿಸಿ ಬಂದವಳು ನಾನು. ದಾರಿಯಲ್ಲಿ ಹೇಳಬಹುದಿತ್ತು. ಕೇಳುವ ಕಿವಿ ಇಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಎರಡು ದಿನ ಬಿಟ್ಟು ಬೇರೆ ಮದ್ದಿನವನು ಬಂದ. ಕುರಿಯವರು ಇರಲಿಲ್ಲ. ಚೆನ್ನಾಗಿ ಕೂಗಿ, ನೀರೊಳಗೇ ಸಿಡಿಸಿದ. ನೀರು ಹಳ್ಳಕ್ಕೆ ಇಳಿದ ಮೇಲೆ ಮೀನು, ಕಪ್ಪೆ, ನೀರುಹಾವು ಎಲ್ಲ ಹೊಟ್ಟೆ ಮೇಲಾಗಿ ಬಿದ್ದಿದ್ದವು. ವಿಷಯ ಗೊತ್ತಾಗಿ ಈರಕ್ಕ ಬುಟ್ಟಿ ತಂದು ಮೀನು ತುಂಬಿಕೊಂಡಳು. ಒಂದಕ್ಕೂ ಗಾಯವಿಲ್ಲ, ಎಂಥ ಚೆಂದದ ಮೀನು ಅಂತ ಖುಷಿ. ಮನೆಯಲ್ಲಿ ಇಬ್ಬರೂ ಕೂತು ಕೊಯ್ದೆವು.

"ಒಳಗೆಲ್ಲ ಒಡೆದೋಗೈತಲ್ಲೇ" ಅಂದಳು.

ಹೌದು. ಹೊರಗೆ ಒಂದು ಗೀರಿಲ್ಲ. ಒಳಗೆ ಗಾಳಿಚೀಲ ಹರಿದು, ಬರೀ ಕಪ್ಪು ರಕ್ತ. ಅವಳು ಎರಡು ಸಲ ಜಾಸ್ತಿ ತೊಳೆದು ಸಾರು ಮಾಡಿ ಉಂಡಳು. ನಾನು ಹೊಟ್ಟೆ ಸರಿಯಿಲ್ಲ ಅಂದೆ. ಅವಳು ಆಗ ಮೂರು ತಿಂಗಳ ಬಸಿರು. ನಮಗೆ ಅದು ಗೊತ್ತಾಗಿದ್ದು ಆಮೇಲೆ.

ಹಿರಿಯೂರಿಗೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು. ಆತ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದ. ಒಂದೊಂದು ಕಾಯಿ ಸುಲಿದ ಮೇಲೂ ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಿನಿಂದ ಒಂದು ಸಲ ತಟ್ಟಿ, ಈ ಕಡೆಗೋ ಆ ಕಡೆಗೋ ಹಾಕುತ್ತಿದ್ದ. ನೀರು ಎಷ್ಟಿದೆ ಅಂತ ಬೇರೆಯವರು ಕಿವಿ ಹತ್ತಿರ ಅಲುಗಿಸಿ ನೋಡುತ್ತಾರೆ. ಆತನಿಗೆ ಅಂಗೈಯೇ ಸಾಕಾಗಿತ್ತು.

ನಾನು ಎದುರಿಗೆ ನಿಂತು, "ಅಣ್ಣ, ಅವತ್ತು ಕೂಗಿದ್ದು ನಾನು" ಅಂದೆ. ಆತ ನನ್ನ ಮುಖ ನೋಡಿದ. ಇನ್ನೂ ಜೋರಾಗಿ ಅಂದೆ. ಮಂಡಿಯವರು ತಿರುಗಿ ನೋಡಿ ನಕ್ಕರು. "ಅಮ್ಮೋ, ಅವನಿಗೆ ಸಿಡ್ಲು ಹೊಡೆದ್ರೂ ಕೇಳಲ್ಲ" ಅಂದ ಒಬ್ಬ.

ಮದ್ದಿನಣ್ಣ ಕಾಯಿ ಕೆಳಗಿಟ್ಟ. "ಕೂಗಬ್ಯಾಡವ್ವ" ಅಂದ. ಆತನ ದನಿ ಎತ್ತರ ತಗ್ಗು ಇಲ್ಲದೆ ಒಂದೇ ಥರ ಆಗಿತ್ತು. "ಏನ್ ಹೇಳಾಕೆ ಬಂದೀಯ ಅಂತ ಗೊತ್ತೈತೆ. ನನ್ ಕಿವಿಗೆ ಕಡೀಕೆ ಬಿದ್ದ ಮಾತೇ ನಿಂದು. ಅದರ ಮ್ಯಾಲೆ ಇನ್ನೊಂದು ಬಿದ್ದಿಲ್ಲ. ದಿನಾ ಕೇಳ್ತೈತೆ."

ಕೈಗೆ ಅಂಟಿದ ನಾರು ಒರೆಸಿಕೊಂಡು ಆತನೇ ಕೇಳಿದ.

"ಆಯಮ್ಮ ಅದಾಳಾ?"

ತಲೆಯಾಡಿಸಿದೆ. ಕೈಯನ್ನು ಮೊಣಕಾಲಿನಷ್ಟು ಎತ್ತರಕ್ಕೆ ಹಿಡಿದು ತೋರಿಸಿದೆ. ಒಂದು ಮಗು.

"ಟಗರು?"

ಕುತ್ತಿಗೆಯ ಮೇಲೆ ಬೆರಳು ಎಳೆದು ತೋರಿಸಿದೆ. ಆ ವರ್ಷವೇ ಕೊಯ್ದಿದ್ದೆವು. ಆತ ನಕ್ಕ. ಜೋರಾಗಿಯೇ ನಕ್ಕ, ಎಷ್ಟು ಜೋರು ಅಂತ ಆತನಿಗೆ ಗೊತ್ತಿರಲಿಲ್ಲ. ಆಮೇಲೆ ಇನ್ನೊಂದು ಕಾಯಿ ತೆಗೆದುಕೊಂಡ. ನಾನು ಬಸ್ಸಿಗೆ ಬಂದೆ. ಮತ್ತೆ ನೋಡಲಿಲ್ಲ.

ಇದನ್ನು ಆ ಹುಡುಗಿಯ ಕೈಗೆ ಕೊಡುತ್ತೇನೆ. ಅವಳ ಅಜ್ಜಿಗೆ ಓದು ಬರುವುದಿಲ್ಲ, ಅವಳೇ ಓದಿ ಹೇಳಲಿ. ಬಾಯಲ್ಲಿ ಹೇಳಲು ಹೋದರೆ ಈರಕ್ಕ ನಡುವೆ ಬಾಯಿ ಹಾಕುತ್ತಾಳೆ. ಓದುವ ಮುಂಚೆ ಒಂದು ಚೊಂಬಿನ ತುಂಬ ನೀರಿಟ್ಟು, ಅಜ್ಜಿಯ ಬೆರಳು ಅದ್ದಿಸಿ, ಪಕ್ಕಕ್ಕೆ ಒಂದು ಸಲ ಹೊಡೆದು ತೋರಿಸು ಅಂತ ಹುಡುಗಿಗೆ ಹೇಳಿದ್ದೇನೆ. ಆ ಹುಡುಗಿಯ ಅಪ್ಪ, ಅವತ್ತು ಕ್ವಾರಿಯ ನೀರಿನಲ್ಲಿ ತಾಯಿಯ ಜೊತೆ ಮುಳುಗಿದ್ದವನು, ಈಗ ಹಿತ್ತಲಲ್ಲಿ ಸೌದೆ ಸೀಳುತ್ತಿದ್ದಾನೆ. ಅವನೂ ಕೇಳಿಸಿಕೊಳ್ಳಲಿ. ಕರೆಯುವಾಗ ಕೂಗಬೇಡ, ಹತ್ತಿರ ಹೋಗಿ ಭುಜ ಮುಟ್ಟು ಅಂದಿದ್ದೇನೆ.